ಸ್ಕ್ರೂ ಬಿಚ್ಚುವ ಮೊದಲು: ಮನೆಯ ಕರೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಪೇಟೆಯಲ್ಲಿ ಮತ್ತು ಸುತ್ತಲಿನ ತೋಟದ ಮನೆಗಳಲ್ಲಿ ವೈರಿಂಗ್ ಮಾಡುವುದು ನನ್ನ ಕಸುಬು. ಬೇಸಿಗೆಯಲ್ಲಿ ಹೊಸ ಮನೆಗಳ ಕೆಲಸ, ಜೂನ್ ಹಿಡಿಯಿತೆಂದರೆ ಬರೀ ರಿಪೇರಿ. ಮಳೆ ಜೋರಾದ ರಾತ್ರಿಗಳಲ್ಲಿ ಮೊಬೈಲನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತೇನೆ. ಕರೆ ಮಾಡುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಬಾಯಿ ನೋವು ಬಂದದ್ದರಿಂದ ಬರೆದಿಟ್ಟಿದ್ದೇನೆ.

ಯಾವ ಕೆಲಸ ನಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಎಲೆಕ್ಟ್ರಿಷಿಯನ್ ಬೇಕು?

ನನ್ನ ಲೆಕ್ಕ ಸರಳ. ಸ್ಕ್ರೂ ಬಿಚ್ಚದೆ ಆಗುವ ಕೆಲಸ ನಿಮ್ಮದು. ಸ್ಕ್ರೂ ಬಿಚ್ಚಬೇಕಾದ ಕೆಲಸ ನನ್ನಂಥವನದು. ಮೀಟರ್ ಮತ್ತು ಅಲ್ಲಿಂದ ಕಂಬದ ತನಕ ಇರುವುದು ವಿದ್ಯುತ್ ಕಂಪನಿಯದು. ಬಲ್ಬ್ ಬದಲಾಯಿಸುವುದು, ಕೆಳಗೆ ಬಿದ್ದ ಎಂಸಿಬಿಯನ್ನು (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್) ಒಮ್ಮೆ ಎತ್ತಿ ನೋಡುವುದು, ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್) ಟೆಸ್ಟ್ ಗುಂಡಿ ಒತ್ತುವುದು, ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ ಆರಿಸುವುದು ಇವೆಲ್ಲ ಮನೆಯವರಿಗೆ ಗೊತ್ತಿರಲೇಬೇಕು.

‘ಸ್ವಿಚ್ ಆರಿಸಿಯೇ ಬಿಚ್ಚುತ್ತೇನೆ, ಏನಾಗುತ್ತದೆ?’ ಎನ್ನುವವರಿದ್ದಾರೆ. ಸ್ವಿಚ್ ಇರಬೇಕಾದದ್ದು ಕರೆಂಟ್ ತರುವ ಫೇಸ್ ತಂತಿಯ ಮೇಲೆ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಕರೆಂಟ್ ವಾಪಸು ಹೋಗುವ ನ್ಯೂಟ್ರಲ್ ತಂತಿಯ ಮೇಲೆ ಕುಳಿತಿರುತ್ತದೆ. ದೀಪ ಆರಿರುತ್ತದೆ, ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಆದ್ದರಿಂದ ಹಳೆಯ ಮನೆಯಲ್ಲಿ ಬಲ್ಬ್ ಬದಲಾಯಿಸುವಾಗಲೂ ಮೇನ್ ಆರಿಸಿಬಿಡಿ.

ಮಳೆಗಾಲ ಶುರುವಾದಾಗಿನಿಂದ ಪದೇ ಪದೇ ಟ್ರಿಪ್ ಆಗುತ್ತಿದೆ. ಆರ್‌ಸಿಸಿಬಿ ಕೆಟ್ಟಿದೆಯೇ?

ನೂರಕ್ಕೆ ತೊಂಬತ್ತು ಸಲ ಅದು ಕೆಟ್ಟಿರುವುದಿಲ್ಲ. ಎಲ್ಲೋ ಕರೆಂಟ್ ಸೋರುತ್ತಿದೆ, ಅದು ತನ್ನ ಕೆಲಸ ಮಾಡುತ್ತಿದೆ. ನಮ್ಮ ಕಡೆ ಜುಲೈನಲ್ಲಿ ಗೋಡೆಗೆ ಕೈ ಇಟ್ಟರೆ ತಣ್ಣಗೆ ಅಂಟುತ್ತದೆ. ಪೈಪಿನೊಳಗೆ ನೀರು ಇಳಿಯುತ್ತದೆ, ಸ್ವಿಚ್‌ಬೋರ್ಡಿನ ಮರದ ಹಲಗೆಗೆ ಬೂಸ್ಟು ಹಿಡಿಯುತ್ತದೆ, ಅಟ್ಟದ ಮೇಲಿನ ತಂತಿಯನ್ನು ಇಲಿ ಕಡಿದಿದ್ದರೆ ಆ ಗಾಯ ಬೇಸಿಗೆಯಿಡೀ ಸುಮ್ಮನಿದ್ದು ತೇವ ಬಂದ ಕೂಡಲೇ ಬಾಯಿ ಬಿಡುತ್ತದೆ.

ಹುಡುಕುವ ಬಗೆ ಹೀಗೆ. ಮೊದಲು ಎಲ್ಲ ಪ್ಲಗ್‌ಗಳನ್ನು ಕೀಳಿ. ಎಲ್ಲ ಎಂಸಿಬಿಗಳನ್ನು ಕೆಳಗೆ ಮಾಡಿ ಆರ್‌ಸಿಸಿಬಿಯನ್ನು ಎತ್ತಿ. ಬೀಳದೆ ನಿಂತಿತೇ? ಈಗ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಸಾಲಿನಲ್ಲಿ ದೋಷವಿದೆ. ಅದೊಂದನ್ನು ಆರಿಸಿಟ್ಟು ಉಳಿದ ಮನೆ ನಡೆಸಬಹುದು, ಬೆಳಗಾದ ಮೇಲೆ ಕರೆ ಮಾಡಿದರೂ ನಡೆಯುತ್ತದೆ. ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಆರ್‌ಸಿಸಿಬಿ ನಿಲ್ಲದಿದ್ದರೆ ಹೆಚ್ಚಾಗಿ ನ್ಯೂಟ್ರಲ್ ತಂತಿ ಎಲ್ಲೋ ನೆಲಕ್ಕೆ ತಾಗಿರುತ್ತದೆ. ಅದು ಅಳೆಯುವ ಮೀಟರ್ ಹಿಡಿದು ಹುಡುಕುವ ಕೆಲಸ, ನೀವು ಅಲ್ಲಿಗೇ ನಿಲ್ಲಿಸಿ.

ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ಮೂರು ರಾತ್ರಿ ಹೀಗೇ ಆಯಿತು. ಸಂಜೆ ಏಳರ ತನಕ ಏನೂ ಇಲ್ಲ, ಆಮೇಲೆ ಟ್ರಿಪ್. ಮನೆಯವರು ಬೇಸತ್ತು ಯಾರನ್ನೋ ಕರೆಸಿ ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ತಂತಿ ಎಳೆಸಿದ್ದರು. ಟ್ರಿಪ್ ನಿಂತಿತು, ಆದರೆ ಗೇಟು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ನಾನು ಹೋಗಿ ಗೇಟಿನ ಕಂಬದ ದೀಪದ ಗಾಜು ತೆಗೆದಾಗ ಒಳಗೆ ಅರ್ಧ ಲೋಟ ನೀರು, ಹಸಿರು ಕಟ್ಟಿದ ತಾಮ್ರ, ಹೋಲ್ಡರಿಗೆ ಅಡ್ಡ ಸಿಕ್ಕಿ ಒಣಗಿದ ಒಂದು ಹಲ್ಲಿ. ಆ ದೀಪ ಹತ್ತುತ್ತಿದ್ದುದೇ ಸಂಜೆ ಏಳಕ್ಕೆ. ಕಬ್ಬಿಣದ ಗೇಟು, ಮಳೆ, ಶಾಲೆಯಿಂದ ಬರುವ ಮಕ್ಕಳು. ಆ ನೇರ ತಂತಿ ಎಳೆದವನ ಮೇಲೆ ನನಗೆ ಇಂದಿಗೂ ಕೋಪವಿದೆ.

ಎಂಸಿಬಿ ಇದೆಯಲ್ಲ, ಮತ್ತೆ ಆರ್‌ಸಿಸಿಬಿ ಏಕೆ?

ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. 16 ಆಂಪಿಯರ್ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್ ಹರಿಯುವ ತನಕ ಅದು ಮಿಸುಕುವುದಿಲ್ಲ. ಮನುಷ್ಯನ ಎದೆಯ ಬಡಿತ ಕೆಡಿಸಲು ನೂರು ಮಿಲಿಆಂಪಿಯರ್ ಬೇಕಾದಷ್ಟಾಯಿತು. ಒಂಬತ್ತು ವ್ಯಾಟ್ ಎಲ್‌ಇಡಿ ಬಲ್ಬೇ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ. ಮನೆಗೆ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸು ಬಂದ ಕರೆಂಟನ್ನೂ ತೂಗಿ ನೋಡುತ್ತಿರುತ್ತದೆ. ಆ ಬಲ್ಬಿಗೆ ಬೇಕಾಗುವುದಕ್ಕಿಂತಲೂ ಕಡಿಮೆ ವ್ಯತ್ಯಾಸ ಬಂದರೆ ಸಾಕು, ಕ್ಷಣದೊಳಗೆ ಕಡಿಯುತ್ತದೆ. ಒಂದು ಮಾತು ನೆನಪಿರಲಿ: ಫೇಸ್ ಒಂದು ಕೈಯಲ್ಲಿ, ನ್ಯೂಟ್ರಲ್ ಇನ್ನೊಂದು ಕೈಯಲ್ಲಿ ಹಿಡಿದವನನ್ನು ಅದು ಬಲ್ಬ್ ಎಂದೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಬದಲಾಯಿಸಿ.

ಆರ್‌ಸಿಸಿಬಿ ಒಂದೇ ಸಾಲದು, ಓವರ್‌ಲೋಡ್ ಅದಕ್ಕೆ ಕಾಣುವುದಿಲ್ಲ. ಎರಡೂ ಬೇಕು.

ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಮಾಡಿಸಿದ್ದೇವೆ, ನೆಲದಲ್ಲಿ ಅದರ ಗುಂಡಿಯೂ ಇದೆ. ಸಾಲದೇ?

ಗುಂಡಿ ಇದೆ ಎನ್ನುವುದಕ್ಕೂ ಅರ್ಥಿಂಗ್ ಇದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಗುಂಡಿಯಿಂದ ಬಂದ ತಂತಿ ಬೋರ್ಡಿನ ಹತ್ತಿರ ಬಂದು ಟೇಪು ಸುತ್ತಿಕೊಂಡು ಯಾವುದಕ್ಕೂ ಸೇರದೆ ನಿಂತಿರುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಎರಡನೆಯದು ನೆಲ. ತರೀಕೆರೆ, ಕಡೂರು, ಅರಸೀಕೆರೆ ಕಡೆಯ ಒಣ ನೆಲದಲ್ಲಿ ಏಪ್ರಿಲ್ ಹೊತ್ತಿಗೆ ಗುಂಡಿ ಪೂರಾ ಒಣಗಿರುತ್ತದೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಚೆನ್ನಾಗಿ ತೋರುವ ಅರ್ಥಿಂಗ್ ಮಾರ್ಚಿನಲ್ಲಿ ಕೈಕೊಡುತ್ತದೆ, ಕಲ್ಲು ಹಾಸಿನ ಜಾಗವಾದರಂತೂ ಕೇಳುವುದೇ ಬೇಡ.

ಸ್ವಲ್ಪ ಲೆಕ್ಕ ಹಾಕೋಣ. ಒಣಗಿದ ಅರ್ಥಿಂಗಿನ ತಡೆ 30 ಓಮ್ ಇದೆ ಎಂದುಕೊಳ್ಳಿ. ಗೀಸರ್ ಒಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿತು. 230 ವೋಲ್ಟನ್ನು 30ರಿಂದ ಭಾಗಿಸಿದರೆ ಏಳೂವರೆ ಆಂಪಿಯರ್ ಚಿಲ್ಲರೆ. 16 ಆಂಪಿಯರ್ ಎಂಸಿಬಿ ಬೀಳುವುದೇ ಇಲ್ಲ. ಗೀಸರಿನ ಮೈ ಕರೆಂಟ್ ಹೊತ್ತುಕೊಂಡೇ ನಿಂತಿರುತ್ತದೆ. ಅದೇ ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಆ ಕ್ಷಣವೇ ಬೀಳುತ್ತದೆ. ಅಳೆದಾಗ ಐದು ಓಮ್‌ಗಿಂತ ಕಡಿಮೆ ಬಂದರೆ ನನಗೆ ನೆಮ್ಮದಿ. ಬೇಸಿಗೆಯಲ್ಲಿ ವಾರಕ್ಕೊಂದೆರಡು ಬಕೆಟ್ ನೀರು ಗುಂಡಿಗೆ ಸುರಿಯಿರಿ. ತುಳಸಿ ಗಿಡಕ್ಕೆ ಹಾಕುವ ಹೊತ್ತಿಗೇ ಇದನ್ನೂ ಮಾಡಿದರೆ ಮರೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಅಳೆಸಿ, ಅದೂ ಬೇಸಿಗೆಯಲ್ಲಿ.

ಬಚ್ಚಲಿನ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಪರವಾಗಿಲ್ಲವೇ?

ಇಲ್ಲ. ಗೀಸರಿನ ಸ್ವಿಚ್ ಆರಿಸಿ, ಅದರ ಎಂಸಿಬಿಯನ್ನೂ ಕೆಳಗೆ ಮಾಡಿ, ಇವತ್ತು ಹಂಡೆಯಲ್ಲೇ ನೀರು ಕಾಯಿಸಿಕೊಂಡು ಸ್ನಾನ ಮಾಡಿ. ಒಣ ಕಾಲಿಗೆ ಜುಮ್ಮೆಂದದ್ದು ಮೈಗೆ ಸೋಪು ಹಚ್ಚಿ ನೆನೆದು ನಿಂತವರಿಗೆ ಕೊನೆಯದಾಗಬಹುದು. ಚರ್ಮ ಒದ್ದೆಯಾದಾಗ ಅದರ ತಡೆ ಬಹಳ ಇಳಿದುಬಿಡುತ್ತದೆ.

ಎರಡು ಪಿನ್ನಿನ ಚಾರ್ಜರ್ ಮೂರು ಪಿನ್ನಿನ ಸಾಕೆಟ್ಟಿಗೆ ಹೋಗದಿದ್ದರೆ ಮೇಲಿನ ತೂತಿಗೆ ಕಡ್ಡಿ ಚುಚ್ಚಿ ಹಾಕುತ್ತೇವೆ. ತಪ್ಪೇ?

ನಮ್ಮೂರಿನ ಅರ್ಧ ಅಂಗಡಿಗಳಲ್ಲಿ ಸಾಕೆಟ್ಟಿನ ಪಕ್ಕದಲ್ಲೇ ಒಂದು ಬೆಂಕಿಕಡ್ಡಿ ಸಿಕ್ಕಿಸಿಟ್ಟಿರುತ್ತಾರೆ! ಆ ಮೇಲಿನ ತೂತು ಅರ್ಥ್. ಅದಕ್ಕೆ ಹೋಗುವ ಪಿನ್ ಉದ್ದವಾಗಿರುವುದಕ್ಕೆ ಕಾರಣವಿದೆ: ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಅದು ಒಳಹೋದಾಗ ಕೆಳಗಿನ ಎರಡು ತೂತುಗಳ ಬಾಗಿಲು ತೆರೆದುಕೊಳ್ಳುತ್ತದೆ. ಆ ಬಾಗಿಲು ಇರುವುದು ಮಕ್ಕಳ ಬೆರಳಿಗಾಗಿ. ಕಡ್ಡಿ ಚುಚ್ಚಿದರೆ ಆ ಕಾವಲು ಹೋಯಿತು, ಪಿನ್ನೂ ಸಡಿಲ ಕುಳಿತು ಬಿಸಿಯಾಗುತ್ತದೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ರಿಜ್ಜಿನ ಮೂರನೆಯ ಪಿನ್ ಕತ್ತರಿಸುವುದು ಇದಕ್ಕಿಂತ ದೊಡ್ಡ ತಪ್ಪು.

ನೀರು ಕಾಯಿಸುವ ರಾಡ್ ಬಳಸಬಹುದೇ?

ನನಗೆ ಅದನ್ನು ಕಂಡರೆ ಆಗುವುದಿಲ್ಲ. ಬೇಕೇ ಬೇಕೆಂದರೆ ಪ್ಲಾಸ್ಟಿಕ್ ಬಕೆಟ್, ಮೊದಲು ರಾಡ್ ನೀರಿಗೆ, ಆಮೇಲೆ ಸ್ವಿಚ್. ನೀರು ಕಾದಿದೆಯೇ ಎಂದು ನೋಡಲು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಿ. 1500 ವ್ಯಾಟಿನ ರಾಡ್ ಆರೂವರೆ ಆಂಪಿಯರ್ ಎಳೆಯುತ್ತದೆ, ದೀಪದ ಬೋರ್ಡಿನ 6 ಆಂಪಿಯರ್ ಸಾಕೆಟ್ ಅದಕ್ಕಲ್ಲ. ರಾಡ್ ಹಾಕಿ ಹಾಲು ತರಲು ಹೋಗಬೇಡಿ.

ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಷ್ಟು ಹಾಕಬಹುದು?

ಎಷ್ಟು ತೂತಿದೆ ಎನ್ನುವುದು ಮುಖ್ಯವಲ್ಲ, ಒಟ್ಟು ವ್ಯಾಟ್ ನೋಡಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್. ಇಂಡಕ್ಷನ್ ಒಲೆ 2000 ವ್ಯಾಟ್, ಅಂದರೆ ಒಂಬತ್ತಕ್ಕೆ ಹತ್ತಿರ. ಮೂರು ಕಿಲೊವ್ಯಾಟಿನ ಇನ್‌ಸ್ಟಂಟ್ ಗೀಸರ್ ಹದಿಮೂರು. ಇಂಥವಕ್ಕೆ ಬೋರ್ಡಿನಿಂದಲೇ ಬೇರೆ ಸಾಲು ಎಳೆಸಬೇಕು. ದೀಪಕ್ಕೆ 1.5, ದೊಡ್ಡ ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಂಬುದು ನಾನು ಪಾಲಿಸುವ ಅಳತೆ. ಮೊಬೈಲ್ ಚಾರ್ಜರ್, ಟಿವಿ, ಟೇಬಲ್ ಲ್ಯಾಂಪ್ ಒಟ್ಟಿಗೇ ಹಾಕಿಕೊಳ್ಳಬಹುದು. ಪ್ಲಗ್ ಕಿತ್ತ ಮೇಲೆ ಪಿನ್ ಮುಟ್ಟಿ ನೋಡಿ, ಬಿಸಿಯಿದ್ದರೆ ಎಲ್ಲೋ ಸಡಿಲವಿದೆ.

ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಕಟ್ಟಿದ್ದೇವೆ. ಈಗ ಹೋಗುತ್ತಿಲ್ಲ.

ಇನ್ನು ಹೋಗುವುದು ಗೋಡೆಯೊಳಗಿನ ತಂತಿ. ಪಿಂಗಾಣಿ ಕಟ್‌ಔಟ್ ಇರುವ ಮನೆಯವರು ಅದನ್ನು ತೆಗೆಸಿ ಎಂಸಿಬಿ ಹಾಕಿಸಿ.

ಇದ್ದಕ್ಕಿದ್ದಂತೆ ಕೆಲವು ದೀಪ ಜೋರಾಗಿ ಉರಿದವು, ಕೆಲವು ಮಂಕಾದವು. ಏನಿದು?

ಇದನ್ನು ಓದುತ್ತಿರುವಾಗಲೇ ಆಗುತ್ತಿದ್ದರೆ ಎದ್ದು ಮೊದಲು ಮೇನ್ ಆರಿಸಿ, ಆಮೇಲೆ ಓದಿ. ಹೆಚ್ಚಾಗಿ ಕಂಬದಲ್ಲಿ ನ್ಯೂಟ್ರಲ್ ಕಡಿದಿರುತ್ತದೆ. ಗಾಳಿ ಮಳೆಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದಾಗ ನಮ್ಮಲ್ಲಿ ಆಗುವುದೇ ಇದು. ನ್ಯೂಟ್ರಲ್ ಇಲ್ಲದಾಗ ಎರಡು ಫೇಸ್‌ಗಳ ನಡುವಿನ 400 ವೋಲ್ಟನ್ನು ಮನೆಗಳು ಅಡ್ಡಾದಿಡ್ಡಿ ಹಂಚಿಕೊಳ್ಳುತ್ತವೆ. ಲೋಡ್ ಕಡಿಮೆ ಇದ್ದ ಕಡೆಗೆ ಹೆಚ್ಚು ವೋಲ್ಟ್. ಟಿವಿ, ಫ್ರಿಜ್, ಪಂಪಿನ ಬೋರ್ಡ್ ಎಲ್ಲ ಒಟ್ಟಿಗೇ ಸುಡುತ್ತವೆ. ಇದು ಎಲೆಕ್ಟ್ರಿಷಿಯನ್‌ಗೆ ಸಂಬಂಧಿಸಿದ್ದಲ್ಲ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ.

ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದೇವೆ. ಅದಕ್ಕೂ ಕರೆಂಟಿಗೂ ಏನು ಸಂಬಂಧ?

ಆ ತಂತಿಯ ಇನ್ನೊಂದು ತುದಿ ಎಲ್ಲಿದೆ, ಹೋಗಿ ನೋಡಿ. ಬಹಳಷ್ಟು ಮನೆಗಳಲ್ಲಿ ಅದು ಕಂಬದಿಂದ ಮನೆಗೆ ಸರ್ವಿಸ್ ವೈರ್ ಬರುವ ಪೈಪಿಗೋ ಅದೇ ಮೊಳೆಗೋ ಕಟ್ಟಿರುತ್ತದೆ. ಸರ್ವಿಸ್ ವೈರನ್ನು ಹೊತ್ತು ನಿಂತಿರುವುದೂ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ. ಗಾಳಿಗೆ ಉಜ್ಜಿ ಉಜ್ಜಿ ರಬ್ಬರ್ ಸವೆದಿರುತ್ತದೆ, ಮಳೆ ಬಂದಾಗ ಕರೆಂಟ್ ಅಲ್ಲಿಂದ ಪೈಪಿಗೆ, ಪೈಪಿನಿಂದ ಬಟ್ಟೆಯ ತಂತಿಗೆ ಇಳಿಯುತ್ತದೆ. ಮಳೆ ಬಂತೆಂದು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಿ ಬಟ್ಟೆ ತೆಗೆಯಲು ಹೋಗುವವರು ಮನೆಯ ಹೆಂಗಸರು. ಸಾವಿನ ಸುದ್ದಿಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ನೈಲಾನ್ ಹಗ್ಗಕ್ಕೆ ಆಗುವ ಖರ್ಚು ಎಷ್ಟು ಹೇಳಿ? ಇವತ್ತೇ ಬದಲಾಯಿಸಿ.

ದಾರಿಯಲ್ಲಿ ಲೈನ್ ಬಿದ್ದಿದೆ. ಕಿಡಿ ಇಲ್ಲ. ಹತ್ತಿರ ಹೋಗಬಹುದೇ?

ಕಿಡಿ ಇಲ್ಲದಿದ್ದರೂ ಹೋಗಬೇಡಿ. ಹತ್ತು ಮೀಟರ್ ದೂರ ನಿಂತು ಬೇರೆಯವರನ್ನೂ ತಡೆಯಿರಿ, 1912ಕ್ಕೆ ಕರೆ ಮಾಡಿ ಕಂಬದ ಗುರುತು ಹೇಳಿ. ಬಿದ್ದ ತಂತಿಯ ಸುತ್ತಲಿನ ನೆಲದಲ್ಲೂ ವೋಲ್ಟೇಜ್ ಇರುತ್ತದೆ, ಒಂದೊಂದು ಹೆಜ್ಜೆಗೂ ಬೇರೆ ಬೇರೆ. ದನಗಳು ಸಾಯುವುದು ಹೀಗೆ: ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಕರೆಂಟ್ ನಡುವೆ ಇರುವ ಎದೆಯ ಮೂಲಕವೇ ಹಾಯುತ್ತದೆ. ಬಿದ್ದ ಹಸುವನ್ನು ಬಿಡಿಸಲು ಹೋಗಿ ಯಜಮಾನನೂ ಸಾಯುತ್ತಾನೆ. ಈಗಾಗಲೇ ಹತ್ತಿರ ಬಂದುಬಿಟ್ಟಿದ್ದರೆ ಪಾದ ಎತ್ತದೆ ಸಣ್ಣ ಸಣ್ಣದಾಗಿ ಎಳೆದುಕೊಂಡು ಹಿಂದೆ ಸರಿಯಿರಿ.

ತೋಟದ ಕೆಲಸದಲ್ಲಿ ಏನು ಎಚ್ಚರ?

ಅಲ್ಯೂಮಿನಿಯಂ ಏಣಿ ಮತ್ತು ಅಲ್ಯೂಮಿನಿಯಂ ಪೈಪ್. ಮೆಣಸು ಕೊಯ್ಯುವಾಗ ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಹೊತ್ತು ನಡೆಯುತ್ತಾರೆ, ತಲೆಯ ಮೇಲೆ 11 ಕೆವಿ (11,000 ವೋಲ್ಟ್) ಲೈನ್ ಹೋಗಿರುವುದು ಎಲೆಗಳ ನಡುವೆ ಕಾಣುವುದಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪೈಪಿನೊಳಗಿನ ಮಣ್ಣು ಕೊಡವಲು ಅದನ್ನು ನೆಟ್ಟಗೆ ಎತ್ತುತ್ತಾರೆ, ಅದೂ ಅಷ್ಟೇ ಅಪಾಯ. ಪೈಪನ್ನು ಮಲಗಿಸಿಯೇ ಸಾಗಿಸಬೇಕು. ಲೈನಿನ ಪಕ್ಕದ ಮರಗಳಿಗೆ ಮರಗಸಿ (ಕೊಂಬೆ ಕಡಿಯುವುದು) ಮಾಡಿಸುವ ದಿನ ಮೊದಲೇ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ತಿಳಿಸಿ ಲೈನಿನ ಕರೆಂಟ್ ತೆಗೆಸಿ. ಒಣ ಬಿದಿರು ಪರವಾಗಿಲ್ಲ ಎನ್ನುತ್ತಾರೆ, ನಮ್ಮ ಮಂಜಿನಲ್ಲಿ ಬಿದಿರು ಎಷ್ಟು ಹೊತ್ತು ಒಣಗಿರುತ್ತದೆ?

ಆನೆ, ಹಂದಿ ಕಾಟಕ್ಕೆ ಬೇಲಿಗೆ ಮನೆಯ ಕರೆಂಟ್ ಕೊಡಬಹುದೇ?

ಕೊಡಬಾರದು, ನನ್ನನ್ನು ಕೇಳಲೂಬೇಡಿ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯವರ ಸಂಕಟ ನನಗೆ ಗೊತ್ತು, ಒಂದು ರಾತ್ರಿಯಲ್ಲಿ ಗದ್ದೆ ಹಾಳಾದದ್ದನ್ನು ನೋಡಿದ್ದೇನೆ. ಆದರೂ ನೇರ ಲೈನ್ ಕೊಟ್ಟ ಬೇಲಿ ಹಿಡಿದ ಪ್ರಾಣಿಯನ್ನು ಬಿಡುವುದಿಲ್ಲ, ಬೆಳಗ್ಗೆ ಮರೆತು ಮುಟ್ಟಿದ ಮಾಲೀಕನನ್ನೂ ಬಿಡುವುದಿಲ್ಲ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಹೊಡೆತ ಕೊಡುತ್ತದೆ, ನೋವಾಗುತ್ತದೆ, ಪ್ರಾಣ ಹೋಗುವುದಿಲ್ಲ. ನೇರ ಕರೆಂಟಿಗೆ ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು.

ಜನರೇಟರ್ ತಂದಿದ್ದೇವೆ. ಎರಡೂ ಕಡೆ ಪಿನ್ ಇರುವ ವೈರ್ ಮಾಡಿ ಸಾಕೆಟ್ಟಿಗೆ ಕೊಟ್ಟರೆ ಆಗದೇ?

ಮನೆಯೆಲ್ಲ ಬೆಳಕಾಗುತ್ತದೆ, ನಿಜ. ಮೇನ್ ಆರಿಸಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ 11 ಕೆವಿ ಆಗುತ್ತದೆ. ಮಳೆಯಲ್ಲಿ ನಿಮ್ಮ ಲೈನನ್ನೇ ಸರಿಪಡಿಸಲು ಕಂಬ ಹತ್ತಿದ ಲೈನ್‌ಮ್ಯಾನ್ ಅದರ ತುದಿಯಲ್ಲಿರುತ್ತಾನೆ. ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಮನೆಗೆ ಸೇರಿಸುವ ಸ್ವಿಚ್) ಹಾಕಿಸದೆ ಜನರೇಟರ್ ಚಾಲೂ ಮಾಡಬೇಡಿ. ಅದನ್ನು ಮನೆಯೊಳಗೆ, ಮುಚ್ಚಿದ ಜಗಲಿಯಲ್ಲಿ ಇಡಲೂಬೇಡಿ, ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿರುತ್ತದೆ.

ಗುಡುಗು ಸಿಡಿಲಿಗೆ ಎಂಸಿಬಿ ಆರಿಸಿದರೆ ಸಾಕೇ?

ಮೋಡದಿಂದ ನೆಲಕ್ಕೆ ಹಾರುವ ಸಿಡಿಲಿಗೆ ಎಂಸಿಬಿಯ ಮಿಲಿಮೀಟರುಗಳ ಸಂದು ಒಂದು ಲೆಕ್ಕವೇ? ಪ್ಲಗ್ ಕೀಳಬೇಕು. ಟಿವಿಯ ಕೇಬಲ್, ಇಂಟರ್‌ನೆಟ್ ತಂತಿಯನ್ನೂ ಕೀಳಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮೊದಲು ಇದನ್ನು ಅಭ್ಯಾಸ ಮಾಡಿಕೊಳ್ಳಿ. ಸಿಡಿಲು ಶುರುವಾದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ?

ಅವರನ್ನು ಮುಟ್ಟಬೇಡಿ. ಮೇನ್ ಆರಿಸಿ. ಅದು ಕೈಗೆ ಸಿಗದಿದ್ದರೆ ಒಣ ಹಲಗೆ ಅಥವಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಿ. ಇದು ಮನೆಯ ಕರೆಂಟಿಗೆ ಮಾತ್ರ, ಹೈಟೆನ್ಷನ್ ಲೈನಿನ ಹತ್ತಿರ ಕೋಲು ಹಿಡಿದು ಹೋಗುವಂತಿಲ್ಲ. 108ಕ್ಕೆ ಕರೆ ಮಾಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಿ. ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಎದೆಬಡಿತ ತಡವಾಗಿಯೂ ಕೆಡಬಹುದು.

ಗೃಹಜ್ಯೋತಿ ಇದೆ, ಬಿಲ್ ಬರುವುದಿಲ್ಲ. ಇನ್ನು ಅದನ್ನು ನೋಡುವುದೇಕೆ?

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲನ್ನು ಓದುವುದನ್ನೇ ಜನ ಬಿಟ್ಟರು. ಹಣ ಸೊನ್ನೆಯಾದರೂ ಯೂನಿಟ್ ಅಚ್ಚಾಗಿರುತ್ತದೆ. ಒಂದೇ ಒಂದು ಆಂಪಿಯರ್ ಹಗಲೂ ರಾತ್ರಿ ನೆಲಕ್ಕೆ ಸೋರಿದರೆ ತಿಂಗಳಿಗೆ ಸುಮಾರು 165 ಯೂನಿಟ್. ಹೊಸ ಉಪಕರಣ ಏನೂ ತಾರದೆ ಯೂನಿಟ್ ಏರಿದ್ದರೆ ಮನೆಯಲ್ಲಿ ಎಲ್ಲವನ್ನೂ ಆರಿಸಿ ಮೀಟರಿನ ಕೆಂಪು ದೀಪ ಮಿನುಗುತ್ತದೆಯೇ ನೋಡಿ.

ಮೀಟರಿನ ಹತ್ತಿರ ಚಿಟಿಚಿಟಿ ಸದ್ದು ಬರುತ್ತಿದೆ. ನೀವೇ ಬಂದು ನೋಡಬಹುದೇ?

ನೋಡಬಹುದು, ಮುಟ್ಟುವಂತಿಲ್ಲ. ಮೀಟರಿಗೆ ವಿದ್ಯುತ್ ಕಂಪನಿಯ ಸೀಲ್ ಇರುತ್ತದೆ. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನಕ್ಕೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ನಿಗಮ. ಎರಡಕ್ಕೂ ಸಹಾಯವಾಣಿ 1912.

ಹಳೆಯ ಮನೆ, ಹಲಗೆಪಟ್ಟಿಯ ವೈರಿಂಗ್. ಪೂರ್ತಿ ಬದಲಾಯಿಸಲೇಬೇಕೇ?

ಮೂವತ್ತು ವರ್ಷ ದಾಟಿದ್ದರೆ ಹೌದು. ಅಟ್ಟದಲ್ಲಿ ಒಂದು ತಂತಿಯನ್ನು ಮೆಲ್ಲಗೆ ಬಾಗಿಸುತ್ತೇನೆ, ರಬ್ಬರ್ ಒಣ ಹಪ್ಪಳದ ಹಾಗೆ ಉದುರಿದರೆ ಮನೆಯವರಿಗೆ ಹೆಚ್ಚು ಹೇಳಬೇಕಾಗುವುದಿಲ್ಲ. ಒಮ್ಮೆಗೇ ಹಣ ಹೊಂದದಿದ್ದರೆ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಮೊದಲು, ಬಚ್ಚಲು ಅಡುಗೆಮನೆ ಆಮೇಲೆ, ಮಲಗುವ ಕೋಣೆ ಕೊನೆಗೆ.

ಒಳ್ಳೆಯ ಎಲೆಕ್ಟ್ರಿಷಿಯನ್ ಯಾರೆಂದು ತಿಳಿಯುವುದು ಹೇಗೆ?

ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರವಾನಗಿ ಇದೆಯೇ ಎಂದು ಕೇಳಿ, ಇಡೀ ಮನೆಯ ಕೆಲಸವಾದರೆ ಗುತ್ತಿಗೆದಾರನ ಲೈಸೆನ್ಸ್ ಕೇಳಿ. ಕೇಳಿದರೆ ಬೇಸರ ಪಡುವವನು ಬೇಡ. ಬಂದವನು ಮೊದಲು ಮೇನ್ ಆರಿಸುತ್ತಾನೋ ಇಲ್ಲವೋ ಗಮನಿಸಿ. ಟೆಸ್ಟರ್ ಒಂದೇ ಹಿಡಿದು ಬಂದವನಿಗಿಂತ ಅಳೆಯುವ ಮೀಟರ್ ತಂದವನು ಮೇಲು. ‘ಆರ್‌ಸಿಸಿಬಿ ತೆಗೆದುಬಿಡೋಣ, ತಲೆನೋವು’ ಎಂದವನಿಗೆ ಕಾಫಿ ಕೊಟ್ಟು ಕಳುಹಿಸಿ.

ಕೆಲಸ ಮುಗಿದ ಮೇಲೆ ಅವನು ಹೊರಡುವ ಮೊದಲು ಒಂದು ಹಾಳೆ, ಪೆನ್ನು ಕೊಡಿ. ಯಾವ ಎಂಸಿಬಿ ಬಚ್ಚಲಿಗೆ, ಯಾವುದು ಪಂಪಿಗೆ, ಯಾವುದು ಗೇಟಿನ ದೀಪಕ್ಕೆ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿಕೊಳ್ಳಿ. ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಓದುವಂತಿರಲಿ.